ಹೂವಿಗೆ ಕಾಸು, ಕಪ್ಪಕ್ಕೆ ಕಾಣಿಕೆ: ಒಂಬತ್ತು ಸಾಲಿಗೊಂದು ಟೀಕು

ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಕಂದದಲ್ಲಿ ಹೇಳಿ, ಅದರ ಕೆಳಗೆ ವೃತ್ತಿಯನ್ನೂ ತಾನೇ ಬರೆದ. ಗಂಟು ಹಾಕಿದವನೇ ಬಿಚ್ಚಲು ಕೂತರೆ ಜಗಳ ಕಡಿಮೆ. ಆ ಧೈರ್ಯದಿಂದ ನಾನೂ ಒಂಬತ್ತು ಸಾಲು ಹೊಸೆದು ಅವಕ್ಕೆ ನಾನೇ ಟೀಕು ಬರೆಯುತ್ತಿದ್ದೇನೆ. ಛಂದಸ್ಸು ಹುಡುಕಬೇಡಿ, ಇಲ್ಲ.

ಈ ಸಾಲುಗಳ ನಾಯಕ ಓಜಿಯೇ ಗಿಸ್ಲೇನ್ ದ ಬುಸ್ಬೆಕ್. 1554ರಿಂದ 1562ರವರೆಗೆ ವಿಯೆನ್ನಾದ ರಾಯಭಾರಿಯಾಗಿ ಒಟ್ಟೊಮನ್ ಸುಲ್ತಾನ ಸುಲೇಮಾನನ ನಾಡಿನಲ್ಲಿ ಅಲೆದವನು, ಅಲೆದದ್ದಕ್ಕಿಂತ ಹೆಚ್ಚು ಕಾದವನು. ಹಳೆಯ ಗೆಳೆಯನೊಬ್ಬನಿಗೆ ಲ್ಯಾಟಿನ್ನಿನಲ್ಲಿ ಬರೆದ ಅವನ ನಾಲ್ಕು ಪತ್ರಗಳು ಉಳಿದಿವೆ. ಮೊದಲನೆಯದು 1581ರಲ್ಲಿ ಆಂಟ್‌ವರ್ಪ್‌ನಲ್ಲಿ, ನಾಲ್ಕೂ ಒಟ್ಟಾಗಿ 1589ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದವು. ಕೆಳಗಿನ ಸಾಲುಗಳು ಅವನ ಬರಹದಿಂದ ಎತ್ತಿದ್ದಲ್ಲ. ಅವನು ನಡೆದ ದಾರಿಯನ್ನು ನಾನು ಹಿಂಡಿ ಇಳಿಸಿಕೊಂಡ ರಸ. ಓದುತ್ತ ಓದುತ್ತ ನನಗೆ ಹೊಳೆದದ್ದು ಇಷ್ಟು: ಆ ಲೋಕದಲ್ಲಿ ಪ್ರತಿಯೊಂದಕ್ಕೂ ಎರಡು ಹೆಸರು. ವಿಯೆನ್ನಾದಲ್ಲಿ ಒಂದು, ಇಸ್ತಾಂಬುಲ್‌ನಲ್ಲಿ ಇನ್ನೊಂದು. ಎರಡನ್ನೂ ಸಾಯಗೊಡದೆ ಕಾಪಾಡುವುದೇ ರಾಯಭಾರಿಯ ದುಡಿಮೆ.

1. ಕರೆ ಬಂತು, ಹೋಗಿ ಬಂದವನ ಮುಖ ನೋಡಿ ಹೊರಟ.

‘ಕರೆ’ ಎಂದರೆ 1554ರ ನವೆಂಬರ್ ಮೊದಲ ವಾರ ಲೀಲ್ ಪಟ್ಟಣದಲ್ಲಿ ಬುಸ್ಬೆಕ್‌ನ ಕೈ ಸೇರಿದ ಓಲೆ. ಆ ಬೇಸಗೆಯಲ್ಲಿ ಅವನು ಇಂಗ್ಲೆಂಡಿನ ಮೇರಿ ರಾಣಿಗೂ ಸ್ಪೇನಿನ ಫಿಲಿಪ್‌ಗೂ ನಡೆದ ಮದುವೆಗೆ ಹೋಗಿ ಬಂದಿದ್ದ. ಕರೆಸಿದವನು ಹಂಗೇರಿ, ಬೊಹೀಮಿಯಾಗಳ ದೊರೆ, ಹ್ಯಾಬ್ಸ್‌ಬರ್ಗ್ ಮನೆತನದ ಫರ್ಡಿನಾಂಡ್. ಬುಸ್ಬೆಕ್ ಫ್ಲಾಂಡರ್ಸಿನ ಪಾಳೆಯಗಾರನೊಬ್ಬನಿಗೆ ಮದುವೆಯಾಚೆ ಹುಟ್ಟಿದ ಮಗ. ಅರಮನೆಯ ಅಪ್ಪಣೆಯಿಂದ ಆಮೇಲೆ ಸಕ್ರಮನಾದವನು. ಈ ಸಂಗತಿ ನೆನಪಿರಲಿ, ಆರನೆಯ ಸಾಲಿನಲ್ಲಿ ಬೇಕಾಗುತ್ತದೆ.

‘ಹೋಗಿ ಬಂದವನು’ ಜೊವಾನ್ನಿ ಮರಿಯಾ ಮಾಲ್ವೆಜ್ಜಿ, ಹಿಂದಿನ ರಾಯಭಾರಿ. 1547ರಲ್ಲಿ ಸುಲ್ತಾನನಿಗೂ ಫರ್ಡಿನಾಂಡನಿಗೂ ಐದು ವರ್ಷದ ಕದನವಿರಾಮವಾಗಿತ್ತು. ಅವಧಿ ಮುಗಿಯುವ ಮೊದಲೇ, 1551ರಲ್ಲಿ, ಫರ್ಡಿನಾಂಡನ ಸೈನ್ಯ ಟ್ರಾನ್ಸಿಲ್ವೇನಿಯಾಕ್ಕೆ ನುಗ್ಗಿತು. ನುಗ್ಗಿದವರು ಅಲ್ಲಿ, ಸಿಕ್ಕಿಬಿದ್ದವನು ಇಲ್ಲಿ. ಮಾಲ್ವೆಜ್ಜಿಯನ್ನು ಸುಮಾರು ಎರಡು ವರ್ಷ ಸೆರೆಯಲ್ಲಿಟ್ಟರು. ಆರೋಗ್ಯ ಕೆಟ್ಟು ಹಾಸಿಗೆ ಹಿಡಿದಿದ್ದ ಅವನ ಬಳಿಗೆ ಹೊಸ ರಾಯಭಾರಿಯನ್ನು ಕಳಿಸಿ, ತುರ್ಕರ ರೀತಿನೀತಿ ಕೇಳಿಕೊಂಡು ಬಾ ಎಂದ ದೊರೆ. ಮಾಲ್ವೆಜ್ಜಿ ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ.

ತಾಳಮದ್ದಳೆಯಲ್ಲಿ ‘ಕೃಷ್ಣಸಂಧಾನ’ ಕೇಳಿ ಬೆಳೆದ ನಮಗೆ ಇದು ಘೋರ ಅನ್ಯಾಯವೆನಿಸುತ್ತದೆ. ಸಂಧಾನಕ್ಕೆ ಬಂದವನನ್ನು ಕಟ್ಟಿಹಾಕಲು ಹೊರಟ ದುರ್ಯೋಧನನಿಗೆ ಯಾವ ಅರ್ಥಧಾರಿಯೂ ರಿಯಾಯಿತಿ ಕೊಡುವುದಿಲ್ಲ. ಇಸ್ತಾಂಬುಲ್‌ನ ಲೆಕ್ಕವೇ ಬೇರೆ. ದೊರೆಯ ಮಾತನ್ನು ಹೊತ್ತು ತಂದವನು ಆ ಮಾತಿಗೆ ಜಾಮೀನುದಾರ. ಮಾತು ಮುರಿದರೆ ಜಾಮೀನು ಜಪ್ತಿ. ಒಟ್ಟೊಮನ್ನರು ಯೂರೋಪಿನಲ್ಲಿ ಕಾಯಂ ರಾಯಭಾರಿ ಇಟ್ಟದ್ದು 1793ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಯವರೆಗೆ ಅವರ ಕಡೆಯಿಂದ ಹೀಗೆ ಹಿಡಿದಿಡಲು ವಿಯೆನ್ನಾದಲ್ಲಿ ಯಾರೂ ವಾಸವಾಗಿರಲಿಲ್ಲ. ರಾಯಭಾರಿ ಎಂಬ ಪದವನ್ನು ‘ರಾಯನ ಭಾರ ಹೊತ್ತವನು’ ಎಂದು ಒಡೆದರೆ ಮಾಲ್ವೆಜ್ಜಿಗೆ ಸರಿಹೊಂದುತ್ತದೆ. ನಿಷ್ಪತ್ತಿ ಹೀಗೇ ಎಂದು ನಾನು ವಾದಿಸುತ್ತಿಲ್ಲ, ಪಂಡಿತರು ಕ್ಷಮಿಸಬೇಕು.

2. ಗಡಿ ದಾಟಿದ, ಊಟ ಅವರದು, ಕಾವಲೂ ಅವರದೇ.

ಆ ಕಾಲದ ಹಂಗೇರಿ ಹೋಳಾದ ನಾಡು. ವಿಯೆನ್ನಾದಿಂದ ಡ್ಯಾನ್ಯೂಬ್ ಹಿಡಿದು ಹೊರಟರೆ ಕೊಮಾರ್ನ್ ಕೋಟೆಯವರೆಗೆ ಫರ್ಡಿನಾಂಡನ ಕಡೆ, ಎಸ್ಟರ್‌ಗೋಮ್‌ನಿಂದ ಸುಲ್ತಾನನ ಕಡೆ. ಬಣ್ಣಬಣ್ಣದ ರೇಷ್ಮೆ ತೊಟ್ಟ ಸವಾರರ ದಂಡೊಂದು ಎದುರುಗೊಳ್ಳಲು ಬಂದಿತ್ತು. ಗೌರವದ ಸ್ವಾಗತ ಎಂದರೂ ಸರಿ, ವಶಕ್ಕೆ ತೆಗೆದುಕೊಂಡರು ಎಂದರೂ ಸರಿ. ಗಡಿಯಿಂದ ಮುಂದೆ ರಾಯಭಾರಿಯ ಊಟ, ಮೇವು, ವಸತಿ ಸುಲ್ತಾನನ ಬೊಕ್ಕಸದ್ದು. ಜೊತೆಗೆ ಒಬ್ಬ ಚಾವುಷ್: ದಾರಿ ತೋರುವವನು, ಕಳ್ಳರಿಂದ ಕಾಯುವವನು, ಯಾರ ಜೊತೆ ಏನು ಮಾತಾಡಿದ ಎಂದು ಮೇಲಿನವರಿಗೆ ಮುಟ್ಟಿಸುವವನು. ಮೂರು ಕೆಲಸಕ್ಕೆ ಒಂದೇ ಸಂಬಳ.

ಬುಡಾದಲ್ಲಿ ಪಾಶಾನನ್ನು ಕಂಡು, ದೋಣಿಯಲ್ಲಿ ಬೆಲ್‌ಗ್ರೇಡಿಗೆ ಬಂದು, ಅಲ್ಲಿಂದ ರೋಮನ್ನರ ಕಾಲದ ದಂಡಿನ ದಾರಿಯಲ್ಲಿ ನೀಶ್, ಸೋಫಿಯಾ, ಪ್ಲೋವ್‌ಡಿವ್, ಎದಿರ್ನೆ. ರಾತ್ರಿ ತಂಗಲು ಕಾರವಾನ್ ಸರಾಯಿ. (ನಮ್ಮ ಸರಾಯಿ ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ.) ಉದ್ದನೆಯ ಕೊಟ್ಟಿಗೆಯಂಥ ಕಟ್ಟಡ, ನಡುವೆ ಒಂಟೆ, ಕುದುರೆ, ಗೋಡೆಗುಂಟ ಮೂರಡಿಯ ಜಗಲಿ. ಮನುಷ್ಯರು ಅಡುಗೆ ಮಾಡುವುದೂ ಮಲಗುವುದೂ ಅದರ ಮೇಲೆಯೇ, ಕುದುರೆಯ ಉಸಿರಿಗೆ ಮುಖವೊಡ್ಡಿ. ಬುಸ್ಬೆಕ್‌ಗೆ ಇದು ಹಿಡಿಸಲಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಎಲ್ಲರೂ ನೋಡುವ ಹಾಗೆ ಉಣ್ಣುವುದು, ಉಡುವುದು.

ದಾರಿಯಲ್ಲಿ ಅವನ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿ ನನಗೆ ಮೆಚ್ಚು. ನೆಲದ ಮೇಲೆ ಕಾಗದದ ಚೂರು ಕಂಡರೆ ತುರ್ಕರು ಎತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದರಂತೆ. ಕಾಗದದ ಮೇಲೆ ದೇವರ ಹೆಸರು ಬರೆಯುತ್ತಾರಲ್ಲ, ಕಾಲಡಿ ಬೀಳಬಾರದು. ಅವನಿಗೆ ಇದು ವಿಚಿತ್ರ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ವಿವರಣೆಯೇ ಬೇಡ.

ಇನ್ನೊಬ್ಬ ಜೊತೆಗಾರನ ಮಾತೂ ಇಲ್ಲೇ ಹೇಳಿಬಿಡುತ್ತೇನೆ: ದುಭಾಷಿ. ಯೂರೋಪಿನವರು ಅವನನ್ನು ‘ಡ್ರಾಗೋಮನ್’ ಎಂದರು; ಅದು ‘ತರ್ಜುಮಾನ’ದ ಅಪಭ್ರಂಶ. ನಾವು ದಿನವೂ ಆಡುವ ‘ತರ್ಜುಮೆ’ಯೂ ಅದೇ ಅರಬ್ಬಿ ಬೇರಿನದು. ಕೊಡುಗೆಗೆ ಒಟ್ಟೊಮನ್ನರು ಹೇಳುತ್ತಿದ್ದ ‘ಪಿಶ್ಕೆಶ್’ ನಮ್ಮ ಕಂದಾಯದ ಕಡತಗಳ ‘ಪೇಷ್ಕಶ್’. ಮಂತ್ರಿಗಳು ಸೇರುತ್ತಿದ್ದ ‘ದಿವಾನ್’ನ ಗುರುತು ಮೈಸೂರಿನವರಿಗೆ ಹೇಳಬೇಕೇ? ಈ ಲೋಕ ನಾವು ಅಂದುಕೊಂಡಷ್ಟು ದೂರವಿಲ್ಲ.

3. ಹೂ ಕೊಟ್ಟವರಿಗೆ ಕಾಸು ಕೊಟ್ಟ.

ಎದಿರ್ನೆಯಿಂದ ಇಸ್ತಾಂಬುಲ್‌ಗೆ ಹೋಗುವ ದಾರಿಯಲ್ಲಿ, ನಡುಚಳಿಗಾಲದಲ್ಲಿ, ಎಲ್ಲೆಲ್ಲೂ ಹೂ ಕಂಡವಂತೆ: ನಾರ್ಸಿಸಸ್, ಹಯಸಿಂತ್, ಜೊತೆಗೆ ಟ್ಯುಲಿಪ್. ಜನ ಗೊಂಚಲು ಕಟ್ಟಿ ತಂದು ಕೈಗಿಡುತ್ತಿದ್ದರು. ಪುಕ್ಕಟೆ ಅಂದುಕೊಂಡರೆ ಕೆಟ್ಟಿರಿ. ಪ್ರತಿ ಗೊಂಚಲಿಗೂ ಕೆಲವು ಅಕ್ಚೆ, ಅಂದರೆ ಅಲ್ಲಿನ ಸಣ್ಣ ಬೆಳ್ಳಿ ನಾಣ್ಯ, ತೆರಬೇಕು. ಬುಡಾದ ಜಾನಿಸರಿ ಸೈನಿಕರದ್ದೂ ಇದೇ ಪದ್ಧತಿ. ಇದನ್ನು ಅವನು ಗೊಣಗುತ್ತಲೇ ಬರೆದಿದ್ದಾನೆ, ಗೊಣಗುತ್ತಲೇ ಕೊಟ್ಟಿದ್ದಾನೆ. ಈಚೆಯವನ ಹೆಸರಿನಲ್ಲಿ ಉಡುಗೊರೆ, ಆಚೆಯವನ ಹೆಸರಿನಲ್ಲಿ ವ್ಯಾಪಾರ; ದೊಡ್ಡ ರಾಜಕಾರಣದ ಪಾಠ ರಸ್ತೆಬದಿಯಲ್ಲೇ ಶುರುವಾಗಿತ್ತು.

ಟೀಕುಕಾರನ ಅನುಮಾನ: ಅವನು ಈ ದಾರಿಯಲ್ಲಿ ಮೊದಲು ಬಂದದ್ದು ಜನವರಿಯಲ್ಲಿ. ಜನವರಿಯಲ್ಲಿ ಟ್ಯುಲಿಪ್ ಅರಳುತ್ತದೆಯೇ? ಮುಂದೊಂದು ವಸಂತದಲ್ಲಿ ಕಂಡದ್ದನ್ನು ಈ ಪತ್ರಕ್ಕೆ ಸೇರಿಸಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಪತ್ರಗಳನ್ನು ಅವನು ಆಮೇಲೆ ಕೂತು ತಿದ್ದಿ ತೀಡಿದ್ದಾನೆ ಎಂಬುದಕ್ಕೆ ಈ ಹೂವೇ ಸಾಕ್ಷಿ. ಹಾಗಾಗಿ ಅವನನ್ನು ದಿನಚರಿ ಬರೆದವನಂತೆ ಓದದೆ, ಕಥೆ ಕಟ್ಟಲು ಬಲ್ಲವನಂತೆ ಓದುವುದು ಕ್ಷೇಮ.

4. ಪಟ್ಟಣಕ್ಕೆ ಬಂದ; ಒಡೆಯ ಪಟ್ಟಣದಲ್ಲಿಲ್ಲ.

1555ರ ಜನವರಿ 20ರಂದು ಇಸ್ತಾಂಬುಲ್ ತಲುಪಿದ. ಪರ್ಶಿಯಾದ ಮೇಲೆ ದಂಡೆತ್ತಿ ಹೋಗಿದ್ದ ಸುಲ್ತಾನ ಅನತೋಲಿಯಾದ ಅಮಾಸ್ಯದಲ್ಲಿ ಬೀಡುಬಿಟ್ಟಿದ್ದ. ಮೊದಲೇ ಬಂದು ಕಾದು ಕೂತಿದ್ದ ಇಬ್ಬರು ರಾಯಭಾರಿಗಳಾದ ಆಂಟುನ್ ವ್ರಾನ್‌ಚಿಚ್ ಮತ್ತು ಫೆರೆನ್ಸ್ ಝಾಯ್ ಜೊತೆಗೂಡಿ ಮಾರ್ಚ್ 9ಕ್ಕೆ ಮತ್ತೆ ಗಂಟುಮೂಟೆ ಕಟ್ಟಿದ. ಏಪ್ರಿಲ್ 7ಕ್ಕೆ ಅಮಾಸ್ಯ.

5. ಅಂಕಾರದ ಗೋಡೆ ಓದಿಸಿಕೊಂಡ.

ದಾರಿಯಲ್ಲಿ ಸಿಕ್ಕ ಊರು ಅಂಕಾರ, ನವುರು ಕೂದಲಿನ ಆಡುಗಳ ನಾಡು. ಅಲ್ಲಿ ಹಾಜಿ ಬಾಯ್ರಾಮ್ ಮಸೀದಿಗೆ ಅಂಟಿಕೊಂಡಂತೆ ಒಂದು ಪಾಳುಗುಡಿ. ಅದರ ಗೋಡೆಯ ಮೇಲೆ ಲ್ಯಾಟಿನ್ ಅಕ್ಷರ. ರೋಮಿನ ಆಗಸ್ಟಸ್ ಚಕ್ರವರ್ತಿ ತನ್ನ ಸಾಧನೆಗಳನ್ನು ತಾನೇ ಹೇಳಿಕೊಂಡ ಶಾಸನ ಅದು. ರೋಮಿನಲ್ಲಿದ್ದ ಕಂಚಿನ ಮೂಲ ಕಣ್ಮರೆಯಾಗಿದೆ. ಲೋಕಕ್ಕೆ ಉಳಿದ ಅತಿ ಪೂರ್ಣ ಪ್ರತಿ ಈ ಗೋಡೆಯದು. ಹೊರಗೋಡೆಯಲ್ಲಿ ಅದರದೇ ಗ್ರೀಕ್ ಅನುವಾದ.

‘ಓದಿಸಿಕೊಂಡ’ ಎಂದು ಬೇಕೆಂದೇ ಬರೆದೆ. ಶಾಸನವನ್ನು ಕಂಡುಹಿಡಿದ ಕೀರ್ತಿ ರಾಯಭಾರಿಯ ಪಾಲಾಗಿದೆ. ಆ ತಂಡದಲ್ಲಿ ಹಾನ್ಸ್ ಡೆರ್ನ್‌ಶ್ವಾಮ್ ಎಂಬ ಮುದುಕನೊಬ್ಬ ಸ್ವಂತ ಖರ್ಚಿನಲ್ಲಿ ಬಂದಿದ್ದ. ಫುಗ್ಗರ್ ಸಾಹುಕಾರರ ಗಣಿ ವ್ಯವಹಾರ ನೋಡಿಕೊಂಡು ನಿವೃತ್ತನಾದವನು. ದಾರಿಯುದ್ದಕ್ಕೂ ಕಲ್ಲಕ್ಷರ ನಕಲು ಮಾಡಿಕೊಳ್ಳುವುದು ಅವನ ಹುಚ್ಚು, ಈ ಗೋಡೆಯನ್ನೂ ಬಿಡಲಿಲ್ಲ. ಅವನ ಜರ್ಮನ್ ದಿನಚರಿಯೂ ಉಳಿದಿದೆ. ಸಿಡುಕು, ಲೆಕ್ಕ, ಬೈಗುಳ, ಒರಟು ಭಾಷೆ. ಅಚ್ಚಾದದ್ದು 1923ರಲ್ಲಿ. ಚೆಂದದ ಲ್ಯಾಟಿನ್ ಬರೆದವನಿಗೆ ಮೂರೂವರೆ ಶತಮಾನದ ಮುನ್ನಡೆ ಸಿಕ್ಕಿತು. ಬೆಲೆ ಏನು, ರೊಟ್ಟಿ ಹೇಗಿತ್ತು ಎಂದು ತಿಳಿಯಬೇಕಾದಾಗ ನಾನಂತೂ ಮೊದಲು ಮುದುಕನ ಕಡೆಗೇ ತಿರುಗುತ್ತೇನೆ.

6. ತೋಳು ಹಿಡಿದು ತಂದರು, ತೋಳು ಹಿಡಿದೇ ಕಳಿಸಿದರು.

ಸುಲ್ತಾನನ ದರ್ಶನಕ್ಕೆ ಹೋದವನ ಎರಡು ಕೈಯನ್ನೂ ಇಬ್ಬರು ಹಿಡಿದು ಒಳಗೆ ತರುತ್ತಾರೆ. ಹಿಡಿಯುವುದು ಮರ್ಯಾದೆಗೆ. ಹಿಡಿಯುವುದು ಭಯಕ್ಕೂ ಹೌದು: 1389ರ ಕೊಸೊವೊ ಯುದ್ಧದಲ್ಲಿ ಒಬ್ಬಾತ ಮಾತಾಡುವ ನೆಪದಲ್ಲಿ ಹತ್ತಿರ ಬಂದು ಸುಲ್ತಾನ ಮುರಾದನನ್ನು ಇರಿದನೆಂಬ ಕಥೆಯನ್ನೇ ಬುಸ್ಬೆಕ್ ಇದಕ್ಕೆ ಕಾರಣ ಕೊಡುತ್ತಾನೆ. ಕೈಗೆ ಮುತ್ತಿಟ್ಟು, ಸುಲ್ತಾನನಿಗೆ ಬೆನ್ನು ತೋರಿಸದ ಹಾಗೆ ಹಿಂದೆ ಹಿಂದೆ ಸರಿದು ಎದುರುಗೋಡೆಗೆ ನಿಲ್ಲಬೇಕು. ಸುಲೇಮಾನ್ ತಗ್ಗಿನ ಪೀಠದ ಮೇಲೆ ಕೂತಿದ್ದ, ಪಕ್ಕದಲ್ಲಿ ಬಿಲ್ಲು ಬಾಣ. ಫರ್ಡಿನಾಂಡನ ಬೇಡಿಕೆ ಅವನಿಗೆ ರುಚಿಸಲಿಲ್ಲ. ಒಂದೆರಡು ಒಣಮಾತಿನಲ್ಲಿ ಮುಗಿಯಿತು. ಸಾವಿರಾರು ಮೈಲಿ ನಡೆದದ್ದು ಅದಕ್ಕೆ.

ಹೊರಗೆ ಅವನ ಕಣ್ಣು ಅರಳಿದ್ದು ಎರಡು ಕಾರಣಕ್ಕೆ. ಮೊದಲನೆಯದು ಮೌನ. ಸಾಲಾಗಿ ನಿಂತ ಜಾನಿಸರಿಗಳು ಎಷ್ಟು ಅಲುಗಾಡದೆ ನಿಂತಿದ್ದರೆಂದರೆ ಬೊಂಬೆಗಳೇ ಇರಬೇಕು ಅಂದುಕೊಂಡನಂತೆ. ಅವನು ವಂದಿಸಿದಾಗ ಅಷ್ಟೂ ತಲೆಗಳು ಬಾಗಿದವು. ಎರಡನೆಯದು, ಅಲ್ಲಿದ್ದ ಯಾವ ಅಧಿಕಾರಿಯೂ ಹುಟ್ಟಿನ ಬಲದಿಂದ ಮೇಲೆ ಬಂದವನಲ್ಲ, ಯೋಗ್ಯತೆಯಿಂದ ಬಂದವನು ಎಂಬ ಅವನ ಹೊಗಳಿಕೆ. ಈ ಭಾಗವನ್ನು ಮುಂದೆ ಯೂರೋಪಿನಲ್ಲಿ ಎಷ್ಟೋ ಜನ ಒಟ್ಟೊಮನ್ ಆಡಳಿತಕ್ಕೆ ಕೊಟ್ಟ ಪ್ರಮಾಣಪತ್ರದಂತೆ ಓದಿದರು. ನನಗೆ ಹಾಗೆ ಕಾಣುವುದಿಲ್ಲ. ಮೊದಲ ಸಾಲಿನಲ್ಲಿ ನೆನಪಿಡಿ ಎಂದೆನಲ್ಲ: ಬರೆದವನು ಹುಟ್ಟಿನ ಕಾಗದಪತ್ರಕ್ಕಾಗಿ ಅರಮನೆಯ ಬಾಗಿಲು ಕಾಯಬೇಕಾಗಿ ಬಂದ ಮನುಷ್ಯ. ಅವನು ಬೈಯುತ್ತಿರುವುದು ತನ್ನ ಊರನ್ನು. ಮಗಳಿಗೆ ಹೇಳಿ ಸೊಸೆಗೆ ತಟ್ಟಿಸುವ ವಿದ್ಯೆ. ಹೊಗಳಿದ ಆ ಅಧಿಕಾರಿಗಳಲ್ಲಿ ಹಲವರು ಎಳೆತನದಲ್ಲೇ ಕ್ರೈಸ್ತ ಹಳ್ಳಿಗಳಿಂದ ಹಿಡಿದು ತಂದು ಬೆಳೆಸಿದ ಸುಲ್ತಾನನ ಗುಲಾಮರು ಎಂಬುದನ್ನೂ ಮರೆಯುವಂತಿಲ್ಲ.

ಅಷ್ಟರಲ್ಲಿ ಪರ್ಶಿಯಾದ ರಾಯಭಾರಿ ಉಡುಗೊರೆಗಳ ಸಮೇತ ಬಂದ. ಅವನಿಗೆ ಔತಣ, ಮೇ 29ಕ್ಕೆ ಸಂಧಿ. ಬುಸ್ಬೆಕ್‌ಗೆ ಸಿಕ್ಕದ್ದು ಆರು ತಿಂಗಳ ಕದನವಿರಾಮ ಮತ್ತು ದೊರೆಗೆ ಮುಟ್ಟಿಸಲು ಒಂದು ಪತ್ರ. ವಿಯೆನ್ನಾಕ್ಕೆ ಹಿಂದಿರುಗುವ ದಾರಿಯಲ್ಲಿ ಎದುರಾದದ್ದು ಗಾಡಿಗಳ ಸಾಲು; ಅದರ ತುಂಬ ಹಂಗೇರಿಯ ಹುಡುಗರು, ಹುಡುಗಿಯರು, ಇಸ್ತಾಂಬುಲ್‌ನ ಮಾರುಕಟ್ಟೆಗೆ. ಅವನ ಹಾಸ್ಯ ಬುದ್ಧಿ ಅಲ್ಲಿ ಸುಮ್ಮನಾಗುತ್ತದೆ.

7. ಮನೆ ಕೊಟ್ಟರು, ಕೀಲಿ ಕೊಡಲಿಲ್ಲ.

1556ರ ಆರಂಭದಲ್ಲಿ ಮತ್ತೆ ಇಸ್ತಾಂಬುಲ್. ಈ ಸಲ 1562ರವರೆಗೆ ಅಲ್ಲೇ. ಆ ‘ಮನೆ’ ಎಲ್ಚಿ ಹಾನ್, ಅಂದರೆ ರಾಯಭಾರಿಗಳ ಛತ್ರ. ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಂಬದ ಸನಿಹ, ಪಟ್ಟಣದ ಮುಖ್ಯ ಬೀದಿಯ ಮೇಲೆ. ಕೆಳಗೆ ಲಾಯ, ಮೇಲೆ ಕೋಣೆಗಳು, ಕಿಟಕಿಗೆ ಕಬ್ಬಿಣದ ಸರಳು, ಬಾಗಿಲಲ್ಲಿ ಜಾನಿಸರಿ. ವೆನಿಸ್ಸಿನವನೂ ಫ್ರಾನ್ಸಿನವನೂ ಕೊಲ್ಲಿಯಾಚೆಯ ಗಲಾಟ, ಪೇರಾಗಳ ಕಡೆ ತೋಟದ ಮನೆಗಳಲ್ಲಿ ಹಾಯಾಗಿದ್ದರು. ಯಾರಿಗೆ ಯಾವ ಮನೆ ಎಂಬುದರಲ್ಲೇ ಯಾವ ದೊರೆಯ ಮೇಲೆ ಎಷ್ಟು ಮುನಿಸು ಎಂದು ಓದಬಹುದಿತ್ತು. ಅವನ ಪರಿವಾರದ ಚಿತ್ರಕಾರ ಮೆಲ್ಖಿಯೋರ್ ಲೋರ್ಕ್ ಕೂತಲ್ಲಿಂದ ಕಾಣುವ ಹೆಂಚಿನ ಮಾಡುಗಳನ್ನೇ ಬರೆದ. 1559ರಲ್ಲಿ ಹನ್ನೊಂದು ಮೀಟರಿಗೂ ಉದ್ದದ ಪಟ್ಟಣದ ನೋಟವೊಂದನ್ನು ಬಿಡಿಸಿದ. ಅದು ಈಗ ಲೈಡನ್ ವಿಶ್ವವಿದ್ಯಾಲಯದಲ್ಲಿದೆ.

ಹೊರಗೆ ಬಿಡದಿದ್ದರೆ ಹೊರಗನ್ನೇ ಒಳಗೆ ತಂದರಾಯಿತು ಎಂದು ಬುಸ್ಬೆಕ್ ಪ್ರಾಣಿ ಸಾಕಿದ: ಕೋತಿ, ತೋಳ, ಕರಡಿ, ಜಿಂಕೆ, ಮುಂಗುಸಿ. ಒಂದು ಹಂದಿಯನ್ನೂ ಇಟ್ಟುಕೊಂಡ, ಕುದುರೆಗಳ ಜೊತೆಗಿದ್ದರೆ ಅವಕ್ಕೆ ಒಳ್ಳೆಯದು ಎಂಬ ನೆಪದಲ್ಲಿ. ಈ ಹಂದಿಯ ವಾಸನೆಯ ಮೇಲೆ ಒಂದು ಅಂಚೆ ವ್ಯವಸ್ಥೆಯೇ ನಡೆಯಿತು. ಹೊರಗಿನವರು ಗುಟ್ಟಿನ ಕಾಗದ ಕಳಿಸಬೇಕಾದಾಗ ಚೀಲದಲ್ಲಿ ಹಂದಿಮರಿಯ ಜೊತೆ ಹಾಕಿ ಆಳಿನ ಕೈಲಿ ಕೊಡುವರು. ಬಾಗಿಲಲ್ಲಿ ಚಾವುಷ್ ‘ಏನದು?’ ಎಂದರೆ ಆಳು ಕಿವಿಯಲ್ಲಿ ಉಸುರುವನು. ಚಾವುಷ್ ಕೋಲಿನಿಂದ ತಿವಿದರೆ ಒಳಗಿನಿಂದ ಗುರುಗುರು. ಮುಟ್ಟುವ ಮಾತೆಲ್ಲಿ? ಉಗಿದು ದಾರಿ ಬಿಡುವನು. ಆರು ವರ್ಷದಲ್ಲಿ ಈ ರಾಯಭಾರಿಗೆ ಇದಕ್ಕಿಂತ ದೊಡ್ಡ ಗೆಲುವು ಸಿಕ್ಕಿದ್ದು ನನಗೆ ಕಾಣದು.

1561ರಲ್ಲಿ ಪ್ಲೇಗ್ ಬಂತು. ಅವನ ವೈದ್ಯ ಕ್ವಾಕಲ್‌ಬೇನ್ ಅದಕ್ಕೇ ತುತ್ತಾದ. ಆಮೇಲಷ್ಟೇ ಪ್ರಿಂಕಿಪೋ ದ್ವೀಪಕ್ಕೆ ಹೋಗಲು ಅಪ್ಪಣೆ ಸಿಕ್ಕಿತು. ಅಲ್ಲಿ ಕೆಲವು ತಿಂಗಳು ಮೀನು ಹಿಡಿಯುತ್ತ ಕಳೆದ. ಇಸ್ತಾಂಬುಲ್‌ನ ರಾಯಭಾರಕ್ಕೆ ಪ್ಲೇಗ್ ಎಂದೂ ತಪ್ಪದ ಅತಿಥಿ. 1786ರಲ್ಲಿ ಟಿಪ್ಪು ಸುಲ್ತಾನ ಗುಲಾಂ ಅಲಿ ಖಾನನ ಮುಂದಾಳ್ತನದಲ್ಲಿ ನಮ್ಮ ಕರಾವಳಿಯಿಂದ ಹಡಗು ಹತ್ತಿಸಿ ಕಳಿಸಿದ ದೊಡ್ಡ ತಂಡ ಮಸ್ಕತ್, ಬಸ್ರಾ, ಬಾಗ್ದಾದ್ ಹಾದು ಮರುವರ್ಷ ಅದೇ ಪಟ್ಟಣ ಸೇರಿತು. ಹೋದವರಲ್ಲಿ ಬಹುಪಾಲು ಜನ ರೋಗರುಜಿನಕ್ಕೆ ಬಲಿಯಾದರು, ಊರು ಕಂಡವರು ಕೆಲವರೇ.

8. ಕೊಟ್ಟದ್ದು ಕಪ್ಪ, ಬರೆದದ್ದು ಕಾಣಿಕೆ.

ಕಟುಮಾತಿನ ವಜೀರ ರುಸ್ತುಂ ಪಾಶಾ 1561ರ ಬೇಸಗೆಯಲ್ಲಿ ಸತ್ತ. ನಂತರ ಬಂದ ಅಲಿ ಪಾಶಾ ಭಾರಿ ಮೈಯವನು, ಮೆದು ಮಾತಿನವನು. ಅವನ ಕಾಲದಲ್ಲಿ ಅಂತೂ 1562ರಲ್ಲಿ ಎಂಟು ವರ್ಷದ ಸಂಧಿ ಕೂಡಿಬಂತು. ಫರ್ಡಿನಾಂಡ್ ವರ್ಷಕ್ಕೆ 30,000 ಬಂಗಾರದ ಡುಕಾಟ್ ಕೊಡತಕ್ಕದ್ದು. 1547ರಲ್ಲಿ ಒಪ್ಪಿದ್ದೂ ಇಷ್ಟೇ ಮೊತ್ತ. ಹದಿನೈದು ವರ್ಷ, ಒಬ್ಬನ ಸೆರೆವಾಸ, ಇನ್ನೊಬ್ಬನ ಯೌವನ. ಲೆಕ್ಕ ಬಂದು ನಿಂತದ್ದು ಹೊರಟಲ್ಲಿಗೇ.

ಈ ಹಣಕ್ಕೆ ವಿಯೆನ್ನಾದ ಕಡತದಲ್ಲಿ ಹೆಸರು ‘ಗೌರವ ಕಾಣಿಕೆ’. ಇಸ್ತಾಂಬುಲ್‌ನ ಕಡತದಲ್ಲಿ ‘ಹರಾಜ್’, ಅಧೀನನು ತೆರುವ ಕಪ್ಪ. ಒಪ್ಪಂದದ ಎರಡು ಭಾಷೆಯ ಪ್ರತಿಗಳು ಎರಡು ಬೇರೆ ಲೋಕ. ಫರ್ಡಿನಾಂಡ್ ಆ ಹೊತ್ತಿಗೆ ತನ್ನವರಿಗೆ ಚಕ್ರವರ್ತಿ. ಸುಲ್ತಾನನ ಕಾಗದದಲ್ಲಿ ಬರೀ ‘ವಿಯೆನ್ನಾದ ದೊರೆ’. ಚಕ್ರವರ್ತಿ ಪದವಿಯನ್ನು ಒಟ್ಟೊಮನ್ನರು ಒಪ್ಪಿದ್ದು 1606ರ ಜಿತ್ವಾತೊರೊಕ್ ಸಂಧಿಯಲ್ಲಿ. ಆಗ ವರ್ಷವರ್ಷದ ಹಣವೂ ನಿಂತು, ಒಂದೇ ಸಲಕ್ಕೆ 2,00,000 ಫ್ಲೋರಿನ್ ಕೊಟ್ಟು ಕೈತೊಳೆದುಕೊಂಡರು. ಅಲ್ಲಿಯವರೆಗೆ ಪ್ರತಿ ಕಂತು ಹೊತ್ತ ರಾಯಭಾರಿಯೂ ಒಂದೇ ಥೈಲಿಯನ್ನು ಎರಡು ಹೆಸರಿನಲ್ಲಿ ಹೊತ್ತ.

ಕನ್ನಡಕ್ಕೆ ಈ ತಾಪತ್ರಯವಿಲ್ಲ. ನಮ್ಮಲ್ಲಿ ‘ಕಪ್ಪಕಾಣಿಕೆ’ ಒಂದೇ ಪದ. ಕೊಡುವವನು ಕಾಣಿಕೆಯನ್ನು ಕೇಳಿಸಿಕೊಳ್ಳಲಿ, ಪಡೆಯುವವನು ಕಪ್ಪವನ್ನು ಕೇಳಿಸಿಕೊಳ್ಳಲಿ ಎಂದು ಯಾವ ಜಾಣ ಗುಮಾಸ್ತ ಇದನ್ನು ಜೋಡಿಸಿದನೋ. ಬುಸ್ಬೆಕ್‌ಗೆ ಅವನು ಸಿಕ್ಕಿದ್ದರೆ ಕೆಲವು ವರ್ಷ ಉಳಿಯುತ್ತಿತ್ತು.

9. ಚೀಲದಲ್ಲಿ ತಂದದ್ದು ಸಂಧಿಗಿಂತ ಬಾಳಿತು.

ಸಂಧಿಯ ಆಯಸ್ಸು ಮೊದಲು ನೋಡೋಣ. ಫರ್ಡಿನಾಂಡ್ 1564ರಲ್ಲಿ ತೀರಿಕೊಂಡ. 1566ರಲ್ಲಿ ಸುಲೇಮಾನ್ ಮತ್ತೆ ಹಂಗೇರಿಗೆ ದಂಡೆತ್ತಿ ಬಂದು, ಸಿಗೆತ್ವಾರ್ ಮುತ್ತಿಗೆಯ ನಡುವೆ ಕಣ್ಣುಮುಚ್ಚಿದ. ಎಂಟು ವರ್ಷ ನಾಲ್ಕಕ್ಕೇ ಮುಗಿಯಿತು.

‘ಚೀಲ’ದಲ್ಲಿದ್ದದ್ದು: ಹಳೆಯ ನಾಣ್ಯಗಳು, ಸುಮಾರು 240 ಗ್ರೀಕ್ ಹಸ್ತಪ್ರತಿಗಳು (ಈಗ ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ), ಕ್ರಿಮಿಯಾದಿಂದ ಬಂದ ಇಬ್ಬರನ್ನು ಊಟಕ್ಕೆ ಕೂರಿಸಿಕೊಂಡು ಕೇಳಿ ಬರೆದುಕೊಂಡ ಸುಮಾರು ಎಂಬತ್ತು ಪದಗಳು. ಈ ಪದಪಟ್ಟಿ ಸಾಮಾನ್ಯವಲ್ಲ. ಕ್ರಿಮಿಯಾದ ಗಾಥಿಕ್ ಎಂಬ ಭಾಷೆ ಆಮೇಲೆ ಅಳಿದುಹೋಯಿತು. ಅದರ ಬಗ್ಗೆ ಲೋಕಕ್ಕೆ ತಿಳಿದಿರುವುದೆಲ್ಲ ಹೆಚ್ಚುಕಡಿಮೆ ಆ ಒಂದು ಊಟದ ಫಲ. ಚೀಲಕ್ಕೆ ಸೇರದೆ ಉಳಿದದ್ದೂ ಒಂದಿತ್ತು: ಸುಲೇಮಾನನ ಯಹೂದಿ ವೈದ್ಯನ ಮಗನ ಬಳಿ ಕಂಡ ಡಿಯೊಸ್ಕೋರಿಡೀಸನ ಸಚಿತ್ರ ಗಿಡಮೂಲಿಕೆ ಗ್ರಂಥ, ಕ್ರಿ.ಶ. 512ರ ಸುಮಾರಿನದು. ಬೆಲೆ 100 ಡುಕಾಟ್, ಅವನ ಕೈಲಿಲ್ಲ. ವರ್ಷಕ್ಕೆ 30,000 ಕೊಡಲು ಒಪ್ಪಿದವರು ಇದಕ್ಕೆ ನೂರು ತೆಗೆಯಲು 1569ರವರೆಗೆ ಕಾದರು. ಕೊನೆಗೂ ಕೊಂಡರು, ಅದೂ ಈಗ ವಿಯೆನ್ನಾದಲ್ಲಿದೆ.

ಟ್ಯುಲಿಪ್ಪನ್ನು ಯೂರೋಪಿಗೆ ತಂದವನು ಇವನೇ ಎಂದು ಹಲವು ಪುಸ್ತಕಗಳು ಹೇಳುತ್ತವೆ. ನಂಬಬೇಡಿ. 1559ರಲ್ಲೇ, ಇವನಿನ್ನೂ ಎಲ್ಚಿ ಹಾನ್‌ನಲ್ಲಿ ಕೋತಿ ಸಾಕುತ್ತಿದ್ದಾಗ, ಆಗ್ಸ್‌ಬರ್ಗ್‌ನ ತೋಟವೊಂದರಲ್ಲಿ ಕೊನ್ರಾಡ್ ಗೆಸ್ನರ್ ಅರಳಿದ ಟ್ಯುಲಿಪ್ ನೋಡಿದ್ದಾನೆ. ಬುಸ್ಬೆಕ್ ಅಚ್ಚಿನಲ್ಲಿ ಹಬ್ಬಿಸಿದ್ದು ಒಂದು ತಪ್ಪು ಹೆಸರನ್ನು. ತುರ್ಕರು ಈ ಹೂವನ್ನು ‘ತುಲಿಪಾನ್’ ಎನ್ನುತ್ತಾರೆ ಎಂದು ಬರೆದ. ಅದು ಮುಂಡಾಸಿನ ಬಟ್ಟೆಗೆ ಅವರು ಹೇಳುತ್ತಿದ್ದ ‘ತುಲ್ಬೆಂದ್’. ಹೂವಿನ ಆಕಾರವನ್ನು ಮುಂಡಾಸಿಗೆ ಹೋಲಿಸಿ ಯಾರೋ ಹೇಳಿದ್ದನ್ನು ಹೆಸರೆಂದೇ ತಿಳಿದಿರಬೇಕು, ಅಥವಾ ದುಭಾಷಿ ಎಡವಿರಬೇಕು. ತುರ್ಕಿಯಲ್ಲಿ ಆ ಹೂವಿಗೆ ಅಂದೂ ಲಾಲೆ, ಇಂದೂ ಲಾಲೆ.